ಪ್ರಸಾದ ನಿಲಯವೋ, ಬಾಡಿಗೆಯ ಕೊಠಡಿಯೋ?

ಪ್ರತಿ ವರ್ಷ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮೇಲೆ ತಾಳಗುಪ್ಪ ಹೋಬಳಿಯ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಮಗನೋ ಮಗಳೋ ಪದವಿ ತರಗತಿಗೆ ಸೇರುವುದು ನಿಶ್ಚಯವಾಗಿದೆ, ಆದರೆ ಇರುವುದೆಲ್ಲಿ? ಕಾಲೇಜಿನ ಹಾಸ್ಟೆಲಿನಲ್ಲಿಯೋ, ಮಠದ ಪ್ರಸಾದ ನಿಲಯದಲ್ಲಿಯೋ, ನಾಲ್ವರು ಗೆಳೆಯರು ಕೂಡಿ ಹಿಡಿಯುವ ಬಾಡಿಗೆಯ ಕೊಠಡಿಯಲ್ಲಿಯೋ, ಅಥವಾ ಮನೆಯಿಂದಲೇ ನಿತ್ಯ ಓಡಾಡುವುದೋ? ತಂದೆ ಖರ್ಚಿನ ಲೆಕ್ಕ ಹಾಕುತ್ತಾನೆ, ತಾಯಿ ಊಟದ ಚಿಂತೆ ಮಾಡುತ್ತಾಳೆ, ಮಕ್ಕಳು ಸ್ವಾತಂತ್ರ್ಯದ ಕನಸು ಕಾಣುತ್ತಾರೆ. ಮೂರೂ ನ್ಯಾಯವಾದ ಚಿಂತೆಗಳೇ. ಆದರೆ ಈ ಆಯ್ಕೆಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿತರೆ, ಖರ್ಚು, ಊಟ, ಸ್ವಾತಂತ್ರ್ಯಗಳ ಜೊತೆಗೆ ನಾಲ್ಕನೆಯ ಒಂದು ಪ್ರಶ್ನೆಯೂ ಎದುರಾಗುತ್ತದೆ: ನಾವು ಹಿಡಿಯುವ ಸ್ಥಳ ಇನ್ನಾರ ಸ್ಥಳ?

ಶಾಸನಗಳು ಹೇಳುವ ವಿದ್ಯಾರ್ಥಿ ವಸತಿ

ಕನ್ನಡ ನಾಡಿನಲ್ಲಿ ವಿದ್ಯೆಯ ಸ್ಥಳದಲ್ಲಿಯೇ ವಿದ್ಯಾರ್ಥಿಗೆ ವಾಸದ ಏರ್ಪಾಡು ಮಾಡುವ ಪದ್ಧತಿ ಸಾವಿರ ವರ್ಷಗಳಿಗಿಂತ ಹಳೆಯದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯಲ್ಲಿ ದೊರೆತ ಕ್ರಿ.ಶ. ೯೪೫ರ ಶಾಸನ ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ನಿವೇಶನಗಳಿದ್ದುವು; ದೀಪದ ಎಣ್ಣೆಯ ವೆಚ್ಚಕ್ಕೆಂದೇ ೧೨ ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ರಾತ್ರಿಯ ಓದಿಗೆ ದೀಪ ಬೇಕೆಂಬುದನ್ನು ಕೂಡ ನೆನೆದವರು ಅವರು.

ಆ ಶಾಸನದಲ್ಲಿ ಇನ್ನೂ ಹೃದ್ಯವಾದ ಒಂದು ಸಂಗತಿಯಿದೆ. ಶಾಲೆಯ ಖರ್ಚನ್ನು ದೊರೆಯ ದತ್ತಿಯೊಂದೇ ಹೊರಲಿಲ್ಲ. ಊರವರ ಮನೆಯಲ್ಲಿ ಮದುವೆಯಾದರೆ ಐದು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಎಂಬ ಪ್ರಮಾಣದಲ್ಲಿ ಕಾಣಿಕೆ ಸಲ್ಲಬೇಕಾಗಿತ್ತು. ತನ್ನ ಮನೆಯ ಸಂತೋಷದ ದಿನ ದೂರದಿಂದ ಬಂದ ಅಪರಿಚಿತ ವಿದ್ಯಾರ್ಥಿಗೂ ಒಂದು ಪಾಲು ಎಂಬುದು ಇದರ ತಾತ್ಪರ್ಯ. ಇಂದು ಮಕ್ಕಳ ಜನ್ಮದಿನದಂದು, ಹಿರಿಯರ ಸ್ಮರಣೆಯ ದಿನದಂದು ಪ್ರಸಾದ ನಿಲಯದ ಒಂದು ಹೊತ್ತಿನ ದಾಸೋಹವನ್ನು ವಹಿಸಿಕೊಳ್ಳುವ ಭಕ್ತರು ಈ ಹಳೆಯ ಪದ್ಧತಿಯನ್ನೇ, ತಿಳಿದೋ ತಿಳಿಯದೆಯೋ, ಮುಂದುವರಿಸುತ್ತಿದ್ದಾರೆ.

ಎರಡನೆಯ ಸಾಕ್ಷಿ ಸಾಗರ ಸೀಮೆಗೆ ತೀರ ಹತ್ತಿರದ್ದು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಭಕ್ತರು ಬಲ್ಲರು. ಅದೇ ಊರಿನ ಕೋಡಿಯ ಮಠದ ೧೧೬೨ರ ಶಾಸನ, ಅಂದರೆ ಬಸವಣ್ಣನವರು ಬದುಕಿದ್ದ, ಬಿಜ್ಜಳನು ಆಳುತ್ತಿದ್ದ ಕಾಲದ ಶಾಸನ, ಆ ಮಠದಲ್ಲಿ ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು ವ್ಯಾಖ್ಯಾನಗೊಳ್ಳುತ್ತಿದ್ದುದನ್ನು ಹೇಳುತ್ತದೆ. ಅಷ್ಟಕ್ಕೆ ನಿಲ್ಲದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಲ್ಲರಿಗೂ ಅಲ್ಲಿ ಅನ್ನವಿತ್ತೆಂದೂ, ರೋಗಿಗಳಿಗೆ ಔಷಧವಿತ್ತೆಂದೂ ವರ್ಣಿಸುತ್ತದೆ. ಅದು ಕಾಳಾಮುಖರ ಮಠ. ಶರಣರ ಮಾರ್ಗ ಅದಕ್ಕಿಂತ ಭಿನ್ನವಾದುದು. ಆದರೂ ಓದಿನ ಮನೆ ಮತ್ತು ಅನ್ನದ ಮನೆ ಒಂದೇ ಸೂರಿನಡಿ ಇರಬೇಕೆಂಬ ತಿಳಿವು ಈ ಮಲೆನಾಡಿನ ಸೆರಗಿನಲ್ಲಿ ಅಷ್ಟು ಹಿಂದೆಯೇ ಇತ್ತೆಂಬುದು ಗಮನಾರ್ಹ.

ವಾರಾನ್ನದಿಂದ ಪ್ರಸಾದಕ್ಕೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ವಿದ್ಯೆ ಬಂದಿತು; ಹೈಸ್ಕೂಲು ಕಾಲೇಜುಗಳು ಕೆಲವೇ ಪಟ್ಟಣಗಳಲ್ಲಿ ತೆರೆದುವು. ಹಳ್ಳಿಯ ಹುಡುಗ ಓದಬೇಕಾದರೆ ಊರು ಬಿಡಬೇಕು. ಊರು ಬಿಟ್ಟರೆ ಅನ್ನ ಹುಟ್ಟಬೇಕು. ಅಂದು ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ರಾತ್ರಿ ಯಾವುದಾದರೂ ಜಗಲಿಯಲ್ಲಿಯೋ ದೇವಾಲಯದ ಚಾವಡಿಯಲ್ಲಿಯೋ ಮಲಗಿ ಓದಿದವರು ಅನೇಕರು. ಆ ಏಳು ಮನೆಗಳ ಉಪಕಾರವನ್ನು ಕಡೆಗಣಿಸಲಾಗದು. ಆದರೆ ವಾರಾನ್ನಕ್ಕೆ ಎರಡು ಮಿತಿಗಳಿದ್ದುವು. ಒಂದು, ಉಣ್ಣುವವನು ಇಕ್ಕುವವರ ಮುಖ ನೋಡಿ ಉಣ್ಣಬೇಕಾಗಿತ್ತು. ಮನೆಯಲ್ಲಿ ಬೇನೆಯೋ ಬೇಸರವೋ ಬಂದ ದಿನ ಹುಡುಗನಿಗೆ ಉಪವಾಸ. ಎರಡು, ಅದು ಜಾತಿಯ ಗೆರೆಯನ್ನು ದಾಟುತ್ತಿರಲಿಲ್ಲ. ಪಟ್ಟಣದಲ್ಲಿ ತನ್ನವರ ಮನೆಗಳೇ ಇಲ್ಲದ ಒಕ್ಕಲು ಮಕ್ಕಳಿಗೆ, ಕುಶಲಕರ್ಮಿಗಳ ಮಕ್ಕಳಿಗೆ, ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಆ ಏಳು ಬಾಗಿಲುಗಳಲ್ಲಿ ಒಂದೂ ತೆರೆಯುತ್ತಿರಲಿಲ್ಲ.

ಆದಕಾರಣ ಅಂದಿನ ಬಹುಪಾಲು ಹಳ್ಳಿಯ ಮಕ್ಕಳ ಮುಂದಿದ್ದುದು ನಿಲಯವೋ ಕೊಠಡಿಯೋ ಎಂಬ ಆಯ್ಕೆಯಲ್ಲ. ನಿಲಯವೋ ನೇಗಿಲೋ ಎಂಬುದು. ಈ ಸಂಕಟಕ್ಕೆ ಉತ್ತರವಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೋರ್ಡಿಂಗುಗಳು ತಲೆಯೆತ್ತಿದುವು. ಕೊಲ್ಲಾಪುರದ ಶಾಹು ಮಹಾರಾಜರು ೧೯೦೧ರಲ್ಲಿ ಮರಾಠಾ ಬೋರ್ಡಿಂಗನ್ನು ತೆರೆದು, ಮುಂದಿನ ವರ್ಷಗಳಲ್ಲಿ ಲಿಂಗಾಯತರೂ ಸೇರಿದಂತೆ ಬೇರೆ ಬೇರೆ ಸಮುದಾಯಗಳ ವಸತಿ ಗೃಹಗಳಿಗೆ ಆಶ್ರಯವಿತ್ತರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಯೊಡನೆ ವಸತಿಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ವರ್ತಕರಾದ ಗುಬ್ಬಿ ತೋಟದಪ್ಪನವರು ಧರ್ಮಸಂಸ್ಥೆಯನ್ನು ನೆಲೆಗೊಳಿಸಿ, ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗೆ ಛತ್ರವನ್ನು ಕಟ್ಟಿದರು. ವೀರಶೈವ ಲಿಂಗಾಯತ ವಿದ್ಯಾರ್ಥಿಗಳ ಉಚಿತ ವಸತಿಯೂ ಆ ಧರ್ಮದ ಭಾಗವಾಯಿತು.

ಧಾರವಾಡದ ಕಥೆ ಇದೇ ಹಾದಿಯದು. ೧೯೧೭ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಆ ಭಾಗದ ಹುಡುಗರು ಪದವಿಗಾಗಿ ಪುಣೆ, ಮುಂಬಯಿ, ಕೊಲ್ಲಾಪುರಗಳನ್ನೇ ನೆಚ್ಚಬೇಕಾಗಿತ್ತು. ಕಾಲೇಜು ಊರಿಗೆ ಬಂದ ಆ ದಶಕದಲ್ಲಿಯೇ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಮಠದಲ್ಲಿ ಉಚಿತ ಪ್ರಸಾದ ನಿಲಯವನ್ನು ನೆಲೆಗೊಳಿಸಿದರು. ಕಾಲೇಜು ತೆರೆದರೆ ಸಾಲದು, ಕಾಲೇಜಿನ ಬಾಗಿಲವರೆಗೆ ಬಡವನ ಮಗ ನಡೆದುಬರುವ ಶಕ್ತಿ ಅವನ ಹೊಟ್ಟೆಯಲ್ಲಿರಬೇಕೆಂಬುದನ್ನು ಅವರು ಕಂಡರು. ಮೈಸೂರಿನಲ್ಲಿ ಸುತ್ತೂರು ಮಠದ ರಾಜೇಂದ್ರ ಶ್ರೀಗಳು ೧೯೪೧ರಲ್ಲಿ ಕೆಲವೇ ವಿದ್ಯಾರ್ಥಿಗಳೊಡನೆ ನಿಲಯವನ್ನು ಆರಂಭಿಸಿದರು. ನಿಲಯದ ಮಕ್ಕಳ ಊಟಕ್ಕಾಗಿ ಅವರು ಚಿನ್ನದ ಕರಡಿಗೆಯನ್ನೇ ಮಾರಿದರೆಂಬುದನ್ನು ಆ ಮಠದ ಭಕ್ತರು ಇಂದಿಗೂ ನೆನೆಯುತ್ತಾರೆ.

ಇಲ್ಲಿ ಹೆಸರಿನ ಕಡೆಗೆ ಗಮನ ಕೊಡಬೇಕು. ಮಠಗಳು ಇವನ್ನು ಭೋಜನಗೃಹವೆನ್ನಲಿಲ್ಲ, ಅನ್ನಸತ್ರವೆನ್ನಲಿಲ್ಲ, ಪ್ರಸಾದ ನಿಲಯವೆಂದುವು. ಶರಣರ ದೃಷ್ಟಿಯಲ್ಲಿ ಪ್ರಸಾದವೆಂದರೆ ಕೊಡುವವನ ಹಮ್ಮು ಅಳಿದ ಅನ್ನ. ಕೊಟ್ಟವನು ಶಿವನಾದ ಮೇಲೆ ಉಂಡವನು ಯಾರಿಗೂ ಋಣಿಯಾಗಿ ತಲೆಬಾಗಬೇಕಿಲ್ಲ. ವಾರಾನ್ನದ ಹುಡುಗ ಇಕ್ಕುವವರ ಮುಖ ನೋಡುತ್ತಿದ್ದನು. ಪ್ರಸಾದ ನಿಲಯದ ಹುಡುಗ ತನ್ನ ಪಂಕ್ತಿಯ ಗೆಳೆಯರ ಮುಖ ನೋಡುತ್ತಾನೆ. ಈ ಒಂದು ಬದಲಾವಣೆಯಲ್ಲಿ ದಾಸೋಹ ತತ್ತ್ವದ ಸಾರವೇ ಅಡಗಿದೆ.

ಉಂಡವರು ಉಣಿಸಿದರು

ಸಿದ್ಧಗಂಗೆಯ ಡಾ. ಶಿವಕುಮಾರ ಶ್ರೀಗಳ ವಿದ್ಯಾರ್ಥಿ ಜೀವನ ಇದಕ್ಕೆ ಉಜ್ಜ್ವಲ ನಿದರ್ಶನ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶಿವಣ್ಣ ತುಮಕೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಕೆಲವು ಕಾಲ ಸಿದ್ಧಗಂಗಾ ಮಠದಲ್ಲಿದ್ದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ತೋಟದಪ್ಪನವರ ನಿಲಯ ಅವರಿಗೆ ನೆರಳಾಯಿತು. ೧೯೩೦ರಲ್ಲಿ ಮಠದ ಉತ್ತರಾಧಿಕಾರಿಯಾಗಿ ಕರೆ ಬಂದುದರಿಂದ ಅವರ ಪದವಿ ಪೂರ್ಣಗೊಳ್ಳಲಿಲ್ಲ. ಆದರೆ ಇನ್ನೊಬ್ಬರ ಧರ್ಮದಲ್ಲಿ ಉಂಡು ಓದಿದ ಆ ವಿದ್ಯಾರ್ಥಿ, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೆ, ಜಾತಿ ಮತಗಳನ್ನು ಕೇಳದೆ ಸಾವಿರ ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಒಂದು ನಿಲಯದ ಒಂದು ಸ್ಥಳ ಇನ್ನೊಂದು ನಿಲಯದ ಸಾವಿರ ಸ್ಥಳಗಳಾದುವು.

ಜಾತಿ ಕೇಳದೆ ಎಂಬ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಸಮುದಾಯಕ್ಕೊಂದು ಬೋರ್ಡಿಂಗು ಎಂಬ ಏರ್ಪಾಡು ಆ ಕಾಲದ ಅಗತ್ಯವಾಗಿತ್ತು; ಅದರಿಂದ ನಾಡಿನ ಶೂದ್ರಸಮುದಾಯಗಳು ವಿದ್ಯೆಯ ಬೆಳಕನ್ನು ಕಂಡುವು. ಆದರೆ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ಸಂಜೆಯಾದೊಡನೆ ಜಾತಿಗೊಂದು ಬೀದಿಗೆ ಚದುರುವಂತಾಯಿತೆಂಬುದೂ ನಿಜ. ಕುಲವನ್ನು ಕೇಳದೆ ಒಂದೇ ಮನೆಯವರಾಗಬೇಕೆಂದ ಬಸವಣ್ಣನವರ ಅನುಯಾಯಿಗಳಿಗೆ ಇದು ಒಪ್ಪುವ ಮಾತಲ್ಲ. ಹಾಗೆಯೇ ಉಚಿತ ನಿಲಯಗಳ ಮೊದಲ ಅರ್ಧ ಶತಮಾನದ ಕಥೆ ಬಹುಪಾಲು ಗಂಡುಮಕ್ಕಳ ಕಥೆ. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಗೌರವಿಸಿದ ಪರಂಪರೆಯಲ್ಲಿ ಹೆಣ್ಣುಮಕ್ಕಳ ನಿಲಯದ ಬಾಗಿಲು ತಡವಾಗಿ ತೆರೆಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಮಠಗಳು ಆ ಕೊರತೆಯನ್ನು ತುಂಬಿದ ಮಠಗಳು.

ಕೊಠಡಿಯ ಪಕ್ಷದ ಮಾತು

ನಿಲಯದ ಹಿರಿಮೆಯನ್ನು ಹೇಳುವಾಗ ಸ್ವಂತ ಕೊಠಡಿಯ ಪಕ್ಷವನ್ನು ಮರೆಯಬಾರದು. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲಿಗೆ ೨೦೨೨ರಲ್ಲಿ ಕುವೆಂಪು ಎಕ್ಸ್‌ಪ್ರೆಸ್ ಎಂಬ ಹೆಸರಾಯಿತು. ಆ ಹೆಸರಿನ ಮಹಾಕವಿಯೂ ತೀರ್ಥಹಳ್ಳಿಯ ಕುಪ್ಪಳಿಯಿಂದ ಓದಿಗಾಗಿ ಮೈಸೂರಿಗೆ ಹೋದ ಮಲೆನಾಡಿನ ವಿದ್ಯಾರ್ಥಿಯೇ. ಅವರು ಸಂತೆಪೇಟೆಯ ಆನಂದಮಂದಿರದ ಕೊಠಡಿಯಲ್ಲಿದ್ದುಕೊಂಡು ಓದಿದರು. ಯಾರ ಗಂಟೆಗೂ ಕಟ್ಟುಬೀಳದ ಆ ಏಕಾಂತ ಕಾವ್ಯರಚನೆಗೆ, ಮನಸ್ವೀ ಅಧ್ಯಯನಕ್ಕೆ ಅವಕಾಶವಿತ್ತಿತು. ಆದರೆ ಕಾಯಿಲೆ ಬಿದ್ದಾಗ ಅದೇ ಏಕಾಂತ ಅಸಹಾಯಕತೆಯಾಯಿತು. ಆಗ ನೆರವಾದವರು ಮೈಸೂರಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ೧೯೨೬ರಲ್ಲಿ ಆಶ್ರಮಕ್ಕೆ ಬಂದ ಕುವೆಂಪು ಬಿ.ಎ., ಎಂ.ಎ. ಮುಗಿಸಿ ಅಧ್ಯಾಪಕರಾದ ಮೇಲೆಯೂ ೧೯೩೭ರಲ್ಲಿ ವಿವಾಹವಾಗುವವರೆಗೆ ಅಲ್ಲಿಯೇ ಇದ್ದರು. 'ಕಾನೂರು ಹೆಗ್ಗಡಿತಿ' ಪ್ರಕಟವಾದುದು ೧೯೩೬ರಲ್ಲಿ, ಆ ಆಶ್ರಮವಾಸದ ಕಾಲದಲ್ಲಿಯೇ.

ಈ ನಿದರ್ಶನ ಒಂದು ಪಕ್ಷವನ್ನು ಗೆಲ್ಲಿಸುವುದಿಲ್ಲ. ಎರಡರ ಬೆಲೆಯನ್ನೂ ಹೇಳುತ್ತದೆ. ಕೊಠಡಿ ಸಮಯವನ್ನು ಕೊಡುತ್ತದೆ, ಆದರೆ ಕಷ್ಟದ ದಿನ ಪಕ್ಕದಲ್ಲಿ ಯಾರೂ ಇರದಿರಬಹುದು. ನಿಲಯ ಸಂಗವನ್ನು ಕೊಡುತ್ತದೆ, ಆದರೆ ಗಂಟೆಗೆ ಏಳುವ, ಪ್ರಾರ್ಥನೆಗೆ ಕೂರುವ, ಹೊತ್ತಿಗೆ ಮರಳುವ ನಿಯಮವನ್ನು ಕೇಳುತ್ತದೆ. ಕೊಠಡಿಯಲ್ಲಿ ಅಕ್ಕಿ ತೊಳೆದು, ಒಲೆ ಹಚ್ಚಿ, ತನ್ನ ಪಾತ್ರೆಯನ್ನು ತಾನೇ ಬೆಳಗುವ ಹುಡುಗ ಕಾಯಕವನ್ನು ಕಲಿಯುತ್ತಾನೆ. ನಿಲಯದಲ್ಲಿ ನೂರು ಜನಕ್ಕೆ ಬಡಿಸಿ ಕೊನೆಯಲ್ಲಿ ಉಣ್ಣುವ ಹುಡುಗ ದಾಸೋಹವನ್ನು ಕಲಿಯುತ್ತಾನೆ. ಎರಡೂ ಶರಣಧರ್ಮವೇ. ಕಲಿಯದವನಿಗೆ ಮಾತ್ರ ಎರಡೂ ಬರಿಯ ಗೋಡೆಗಳು.

ತಾಳಗುಪ್ಪದ ಹಾದಿ

ತಾಳಗುಪ್ಪದ ವಿದ್ಯಾರ್ಥಿಗೆ ಈ ಆಯ್ಕೆಯನ್ನು ಬಹುಕಾಲ ನಿರ್ಧರಿಸಿದುದು ರಸ್ತೆ, ಹೊಳೆ ಮತ್ತು ರೈಲು. ಶಿವಮೊಗ್ಗದಿಂದ ಹೊರಟ ರೈಲು ಹಾದಿ ೧೯೪೦ರ ಹೊತ್ತಿಗೆ ತಾಳಗುಪ್ಪವನ್ನು ಮುಟ್ಟಿ ಅಲ್ಲಿಯೇ ಕೊನೆಗೊಂಡಿತು. ಶಿವಮೊಗ್ಗದ ಕಾಲೇಜಿಗೆ ನಿತ್ಯ ಹೋಗಿಬರುವುದು ಅಸಾಧ್ಯವಾದ ಕಾಲದಲ್ಲಿ ಪಟ್ಟಣವಾಸ ಅನಿವಾರ್ಯವಾಗಿತ್ತು. ೧೯೬೦ರ ದಶಕದಲ್ಲಿ ಸಾಗರದಲ್ಲಿಯೇ ಲಾಲ್ ಬಹದ್ದೂರ್ ಕಾಲೇಜು ನೆಲೆಗೊಂಡ ಮೇಲೆ, ಹದಿನೈದು ಕಿಲೋಮೀಟರಿನಾಚೆಯ ತಾಳಗುಪ್ಪದ ಮಕ್ಕಳು ಮನೆಯ ಊಟ ಉಂಡು ಪದವಿ ಓದುವುದು ಸಾಧ್ಯವಾಯಿತು. ಮೀಟರ್ ಗೇಜ್ ಹಾದಿ ೨೦೧೧ರಲ್ಲಿ ಬ್ರಾಡ್ ಗೇಜ್ ಆಯಿತು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದಾಗ, ಸರಕಾರಿ ಬಸ್ಸು ಓಡುವ ಊರುಗಳ ಹೆಣ್ಣುಮಕ್ಕಳ ಓದಿಗೆ ಇನ್ನೊಂದು ಅಡ್ಡಿ ತಪ್ಪಿತು.

ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಯ ಮಕ್ಕಳ ಪಾಡು ಬೇರೆಯಾಗಿತ್ತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಆ ಹಳ್ಳಿಗಳು ದ್ವೀಪದಂತಾದುವು. ನಾಡಿಗೆ ಬೆಳಕು ಕೊಟ್ಟವರು ಸಾಗರಕ್ಕೆ ಬರಬೇಕಾದರೆ ಲಾಂಚನ್ನು ಕಾಯಬೇಕು. ಸಂಜೆ ಲಾಂಚು ನಿಂತರೆ ಆ ದಡ ಆ ದಡವೇ. ಅಲ್ಲಿಯ ವಿದ್ಯಾರ್ಥಿಗೆ ಸಾಗರದಲ್ಲಿ ನಿಲಯದ ಒಂದು ಸ್ಥಳ ಸಿಕ್ಕದಿದ್ದರೆ ಬಾಡಿಗೆ ತೆರಬೇಕು, ಇಲ್ಲವೆ ಓದು ನಿಲ್ಲಿಸಬೇಕು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ಉದ್ಘಾಟನೆಗೊಂಡಿತು. ಅರುವತ್ತು ವರ್ಷಗಳ ಮೇಲೆ ಆ ಮಕ್ಕಳ ಮುಂದೆಯೂ ಒಂದು ಆಯ್ಕೆ ತೆರೆದಿದೆ. ಇನ್ನು ಸ್ನಾತಕೋತ್ತರ ಓದಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ, ೧೯೮೭ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯ ಕಾಡಿನಂಚಿನಲ್ಲಿ ಪಟ್ಟಣದಿಂದ ದೂರವಿರುವುದರಿಂದ, ಆವರಣದ ಹಾಸ್ಟೆಲೇ ಸಹಜವಾದ ದಾರಿ.

ಮಠಗಳು ತೆರೆದ ದಾರಿಯಲ್ಲಿ ಸರಕಾರವೂ ನಡೆದು ಬಂದಿತು. ದೇವರಾಜ ಅರಸರ ಆಳ್ವಿಕೆಯಲ್ಲಿ ೧೯೭೫ರಲ್ಲಿ ಹಾವನೂರು ಆಯೋಗದ ವರದಿ ಬಂದ ತರುವಾಯ ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳು ಜಿಲ್ಲೆ ಜಿಲ್ಲೆಗಳಲ್ಲಿ ಬೆಳೆದುವು. ಅರ್ಜಿ ಹಾಕಿದವರೆಲ್ಲರಿಗೂ ಸ್ಥಳ ಸಾಲದೆ ಹೋದಾಗ, ೨೦೧೩-೧೪ರಲ್ಲಿ ವಿದ್ಯಾಸಿರಿ ಯೋಜನೆ ಬಂದಿತು. ಹಾಸ್ಟೆಲು ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳ ಊಟ ವಸತಿಯ ನೆರವು ಎಂಬುದು ಅದರ ಆರಂಭದ ಸ್ವರೂಪವಾಗಿತ್ತು. ನಿಲಯದ ಹೊರಗೆ ಉಳಿದವನೂ ನಾಡಿನ ಮಗನೇ ಎಂಬ ಒಪ್ಪಿಗೆ ಇದರಲ್ಲಿದೆ.

ಲಕ್ಕಮ್ಮನ ಅಕ್ಕಿ

ಹೀಗೆ ಚರಿತ್ರೆಯನ್ನು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಸಾಲೊಟಗಿಯ ೨೭ ಮನೆಗಳಿಂದ ಇಂದಿನ ಪ್ರಸಾದ ನಿಲಯದವರೆಗೆ, ಸ್ಥಳಕ್ಕಿಂತ ಬಯಸುವವರ ಸಂಖ್ಯೆ ಎಂದಿಗೂ ಹೆಚ್ಚೇ. ಆದುದರಿಂದ ನಿಲಯದಲ್ಲಿ ಒಬ್ಬನು ಹಿಡಿದ ಸ್ಥಳ ಇನ್ನೊಬ್ಬನಿಗೆ ತಪ್ಪಿದ ಸ್ಥಳವಾಗಿರಬಹುದು.

ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲ ಭಕ್ತರಿಗೂ ತಿಳಿದುದು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಸಂತೋಷಪಡಲಿಲ್ಲ; ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ತಿಳಿದು, ಮರಳಿ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಬಡವರ ಮನೆಗೇ ಹೆಚ್ಚಿನದು ಸಲ್ಲದೆಂದ ಮೇಲೆ ಉಳ್ಳವರ ಮಾತೇನು?

ಬಾಡಿಗೆ ತೆರಬಲ್ಲ ಮನೆಯವರು ಉಚಿತ ನಿಲಯದ ಸ್ಥಳಕ್ಕೆ ಶಿಫಾರಸು ಹುಡುಕಿ ಹೊರಡುವ ಮುನ್ನ ಲಕ್ಕಮ್ಮನನ್ನು ಒಮ್ಮೆ ನೆನೆಯಬೇಕು. ಸಂಗಕ್ಕಾಗಿ, ಶಿಸ್ತಿಗಾಗಿ ಮಗ ನಿಲಯದಲ್ಲಿಯೇ ಇರಲಿ ಎನ್ನುವುದಾದರೆ, ಅವನ ಊಟದ ಜೊತೆಗೆ ಇನ್ನೊಬ್ಬನ ಊಟದ ಹೊಣೆಯನ್ನೂ ಆ ಮನೆ ಹೊರಲಿ. ನಿಜಕ್ಕೂ ಗತಿಯಿಲ್ಲದವನು ಸಂಕೋಚಪಡದೆ ನಿಲಯದ ಬಾಗಿಲು ತಟ್ಟಲಿ. ಅದು ಭಿಕ್ಷೆಯಲ್ಲ, ಪ್ರಸಾದ. ಕೊಠಡಿ ಹಿಡಿದವನು ತನ್ನ ಒಲೆಯ ಬಳಿ ಹಸಿದ ಗೆಳೆಯನಿಗೊಂದು ಎಲೆ ಹಾಕಲಿ. ಆಗ ಆ ಕೊಠಡಿಯೂ ನಿಲಯವೇ. ಮನೆಯಿಂದಲೇ ಓಡಾಡುವವನು ತಾಯಿಯ ಬುತ್ತಿಯಲ್ಲಿ ಪಕ್ಕದವನ ಪಾಲನ್ನು ಮರೆಯದಿರಲಿ.

ಸಾವಿರ ವರ್ಷಗಳ ಹಿಂದೆ ಸಾಲೊಟಗಿಯ ಗೃಹಸ್ಥನೊಬ್ಬನು ಮಗಳ ಮದುವೆಯ ದಿನ ಐದು ಕಾಣಿಕೆಯನ್ನು ಎಣಿಸಿ ಶಾಲೆಗೆ ಕೊಟ್ಟಾಗ, ಅದನ್ನು ಉಂಡು ಓದುವ ಹುಡುಗ ಯಾವ ಊರಿನವನೆಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಈ ಮುಂಗಾರಿನಲ್ಲಿ ಮಕ್ಕಳ ಟ್ರಂಕು ಹಾಸಿಗೆಗಳನ್ನು ಕಟ್ಟುವ ತಾಳಗುಪ್ಪದ ಮನೆಗಳು, ಎಲ್ಲಿ ಇರಿಸುವುದೆಂಬ ಲೆಕ್ಕದೊಡನೆ ಇದನ್ನೂ ಒಂದು ಲೆಕ್ಕವಾಗಿ ಸೇರಿಸಿಕೊಂಡರೆ ಶರಣರ ದಾಸೋಹ ಇನ್ನೊಂದು ತಲೆಮಾರಿಗೆ ನಡೆದುಬರುತ್ತದೆ.